ಈರಪ್ಪ ನಗುವ ಸಿನಿಮಾ

ಆ ಹಳೆಯ ಯುದ್ಧದ ಸಿನಿಮಾ ಇಳಕಲ್ಲಿಗೆ ಮತ್ತೆ ಬಂದಿದೆಯೆಂಬ ಸುದ್ದಿ ತಂದವನು ಶಿವಸಂಗಪ್ಪ. ಕಮತಗಿಯ ಮಗ್ಗದ ಮನೆಗಳಿಗೆ ನೂಲಿಗೆ ಬಣ್ಣ ಹಾಕಿ ಕೊಡುವವನು.

ಅಂಥದೊಂದು ಮನೆಯ ಮುದುಕಿ ಗುರುಸಿದ್ದವ್ವ ಕೂಡಲೇ ಒಳ್ಳೆಯ ಸೀರೆ ತೆಗೆದಳು. ಮಗ ಈರಪ್ಪ ಮಿಲಿಟರಿಯಲ್ಲಿದ್ದಾಗ ಅವನ ತುಕಡಿಯನ್ನು ಆ ಸಿನಿಮಾದ ಶೂಟಿಂಗಿಗೆ ಕರೆಸಿದ್ದರು. ಬಂದೂಕು ಹಿಡಿದು ಓಡುತ್ತ ಅವನು ಒಮ್ಮೆ ತಿರುಗಿ ನಗುತ್ತಾನೆ. ಅಷ್ಟೇ. ಎಪ್ಪತ್ತೊಂದರ ಖರೇ ಯುದ್ಧದಿಂದ ಅವನು ಮರಳಲಿಲ್ಲ.

ಸೊಸೆ ಸಿದ್ದಲಿಂಗವ್ವ ಮೊದಮೊದಲು ಆ ನಗು ಕಂಡು ಅತ್ತಿದ್ದಳು. ವರ್ಷಗಳು ಕಳೆದಂತೆ ಅಳುವೂ ನಿಂತಿತು. ಒಳಗೆಲ್ಲ ಜೋಮು ಹಿಡಿದಂತೆ. ಕೈ ಮಾತ್ರ ಮಗ್ಗದಲ್ಲಿ ಲಾಳಿ ಎಸೆಯುತ್ತಿತ್ತು.

ಹೋದ ವರ್ಷ ಶಿವಸಂಗಪ್ಪ ಅವಳನ್ನು ಉಡಿಕಿ ಮಾಡಿಕೊಳ್ಳುತ್ತೇನೆಂದು, ವಿಧವೆಗೆ ಮತ್ತೆ ತಾಳಿ ಕಟ್ಟುತ್ತೇನೆಂದು, ಹಿರಿಯರನ್ನು ಕಳಿಸಿದ್ದ. "ಅಕಿ ನನ್ನ ಮಗನ ಹೇಂತಿ" ಎಂದು ಗುರುಸಿದ್ದವ್ವ ಅವರನ್ನು ಬಾಗಿಲಿನಿಂದಲೇ ತಿರುಗಿಸಿದ್ದಳು. ಸೊಸೆಯನ್ನು ಯಾರೂ ಕೇಳಿರಲಿಲ್ಲ.

"ನಿಮಗ ಸಿನಿಮಾಕ್ಕ ಹೋಗೋ ಮನಸೈತೇನ್ರಿ?" ಶಿವಸಂಗಪ್ಪ ಈಗ ಸಿದ್ದಲಿಂಗವ್ವನನ್ನು ಮೆಲ್ಲಗೆ ಕೇಳಿದ.

"ಅತ್ತಿ ಹೋಗ್ತಾರ, ನಾನೂ ಹೋಗ್ತೇನಿ."

"ನಾ ಕೇಳಿದ್ದು ನಿಮ್ಮನ್ನ."

ಅವನ ಉಗುರುಗಳ ಸಂದಿಯಲ್ಲಿ ಕೆಂಪು ಬಣ್ಣವಿತ್ತು. ಅವಳು ಅದನ್ನೇ ನೋಡಿದಳು.

ಮಧ್ಯಾಹ್ನದ ಆಟ. ಹೆಂಗಸರ ಕಡೆ ಅತ್ತೆ, ಸೊಸೆ. ಮೋಟುಗೋಡೆಯಾಚೆ ಗಂಡಸರ ನಡುವೆ ಶಿವಸಂಗಪ್ಪ. ಪರದೆಯ ಮೇಲೆ ತೋಪು ಸಿಡಿಯಿತು. ಈರಪ್ಪ ಓಡಿಬರುವ ಹೊತ್ತು. ಎಲ್ಲರೂ ಮುಂದೆ ನೋಡುತ್ತಿದ್ದರು. ಶಿವಸಂಗಪ್ಪನೊಬ್ಬ ತಲೆ ತಗ್ಗಿಸಿದ, ಗಂಡ ಹೆಂಡಿರು ಮಾತಾಡುವಲ್ಲಿಂದ ಸರಿದು ನಿಂತವನ ಹಾಗೆ. ಸಿದ್ದಲಿಂಗವ್ವ ಆ ತಗ್ಗಿದ ತಲೆಯಿಂದ ಕಣ್ಣು ಕೀಳಲಿಲ್ಲ.

ಗುರುಸಿದ್ದವ್ವ ಅವಳ ಮುಂಗೈ ಹಿಡಿದಳು. "ನಕ್ಕ! ನೋಡಿದಿ?"

"ನೋಡಲಿಲ್ಲ, ಅತ್ತಿ."

"ಕಣ್ಣ ಮುಂದ ಓಡಿ ಹೋದ್ನಲ್ಲವ್ವ!"

"ನಾ ಆ ಕಡಿ ನೋಡಾಕತ್ತಿದ್ದೆ."

ಮುದುಕಿ ಗೋಡೆಯಾಚೆ ನೋಡಿದಳು. ಅವಳ ಹಿಡಿತ ಸಡಿಲಾಯಿತು. ಮಧ್ಯಂತರದ ದೀಪ ಹತ್ತಿತು.

"ನಾ ಹಡದಾಕಿ. ನನಗ ಅಷ್ಟು ನಗು ಸಾಕು," ಎಂದಳು ಕಡೆಗೆ. "ನಿನಗ ಹೆಂಗ ಸಾಕಾಗ್ತದ?" ಆಮೇಲೆ ಗೋಡೆಯಾಚೆ ಗಟ್ಟಿಯಾಗಿ ಕೂಗಿದಳು: "ಶಿವಸಂಗಪ್ಪಾ, ಹಿರ್‍ಯಾರನ್ನ ಮತ್ತ ಕಳಸು. ಈ ಸಲ ಒಳಗ ಕೂಡ್ರಸ್ತೇನಿ."

ಬಸ್ ಸ್ಟ್ಯಾಂಡಿನಲ್ಲಿ ಅವನು ಸಿದ್ದಲಿಂಗವ್ವನ ಹತ್ತಿರ ಬಂದು ನಿಂತ. "ಖುಷಿ ಆತೇನ್ರಿ?"

ಅವಳು ಒಳಗೆ ಹುಡುಕಿ ನೋಡಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಖುಷಿ ಇನ್ನೂ ಬಂದಿಲ್ರಿ," ಎಂದಳು. "ಆದ್ರ ಭಾಳ ಹಸಿವ್ಯಾಗೇತಿ."

ಅವನು ನಗಲಿಲ್ಲ. ಚುರುಮುರಿ ತರಲು ಓಡಿದ.