ವಿನುತಾಳಿಗೆ ಮಾತ್ರ ಗೊತ್ತಿದ್ದ ದಾರಿಗಳು

"ಮುಟ್ಟಬೇಡಿ!"

ವಿನುತಾ ಕೂಗಿದ ರಭಸಕ್ಕೆ, ಕೀಬೋರ್ಡಿನತ್ತ ಚಾಚಿದ್ದ ಆ ಅಪರಿಚಿತನ ಕೈ ಗಾಳಿಯಲ್ಲೇ ನಿಂತಿತು.

"ನಾನು ಅನೂಪ... ಭಟ್ಕಳದಿಂದ. ಸರ್ವರ್ ನೋಡೂಕೆ ನಿತ್ಯಾನಂದಣ್ಣ ಬರೂಕೆ ಹೇಳಿದ್ರು."

"ನೋಡಿ, ಆದ್ರೆ ಎಂತದೂ ಕದಲಿಸಬೇಡಿ. ಒಂದು ನಕ್ಷೆ ಆಚೀಚೆ ಆದ್ರೂ ಮಾವ ನನ್ನನ್ನೇ ಕೇಳ್ತಾರೆ!"

ಅವನು ನಕ್ಕ. ಸುತ್ತಲೂ ನೋಡಿದ.

"ಈ ಕೋಣೆಗೆ ಕಿಟಕಿನೇ ಇಲ್ವಾ?"

ಆ ಮಾತು ವಿನುತಾಳ ಎದೆಯಲ್ಲಿ ಎಲ್ಲೋ ಚುಚ್ಚಿತ್ತು. ಯಾರೂ ಈವರೆಗೆ ಅದನ್ನು ಕೇಳಿರಲಿಲ್ಲ...

ಹೊನ್ನಾವರದ ಬಸ್‌ಸ್ಟ್ಯಾಂಡ್ ಪಕ್ಕದ ಆ ಜಮೀನು ಸರ್ವೇ ಆಫೀಸು ಅವಳ ಸೋದರಮಾವ ನಿತ್ಯಾನಂದನದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು ಅವನೇ. ಭಟ್ಕಳದಿಂದ ಕುಮಟಾವರೆಗೆ ಅವನು ಅಳೆದ ಜಮೀನುಗಳ ನಕ್ಷೆಗಳೆಲ್ಲ ಆ ಸರ್ವರಿನಲ್ಲಿದ್ದವು. ಅದರ ಕಪ್ಪು ಪರದೆಯಲ್ಲಿ ಮೌಸಿಗೆ ಕೆಲಸವಿಲ್ಲ. ಯಾವ ಫೋಲ್ಡರಿಗೆ ಹೋಗಬೇಕೆಂದರೂ ಪೂರ್ತಿ ದಾರಿಯನ್ನು ಟೈಪ್ ಮಾಡಬೇಕು. ಮಾವ ಇಟ್ಟ ಹೆಸರುಗಳೋ... 'ಹೊಸದು', ಅದರೊಳಗೆ 'ಮತ್ತೊಂದು ಹೊಸದು', ಅದರೊಳಗೆ 'ಇದೇ ಸರಿ'!

ಆ ದಾರಿಗಳೆಲ್ಲ ಬಾಯಿಪಾಠ ಇದ್ದದ್ದು ವಿನುತಾಳಿಗೆ ಮಾತ್ರ. ಅದಕ್ಕೇ ಅವಳಿಗೆ ಭಾನುವಾರವಿಲ್ಲ, ಗೆಳತಿಯ ಮದುವೆಯಿಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಾಗಲೂ ಮಾವ ಅಂದಿದ್ದು ಒಂದೇ ಮಾತು.

"ಬರೋ ವರ್ಷ ನೋಡ್ವ. ನೀ ಹೋದ್ರೆ ನಕ್ಷೆ ಹುಡುಕೋರು ಯಾರೇ?"

ಈ ವರ್ಷವೂ ಸೀಟು ಸಿಕ್ಕಿತ್ತು. ಮಾವನಿಗೆ ಹೇಳುವ ಧೈರ್ಯ ಸಿಕ್ಕಿರಲಿಲ್ಲ.

ಅನೂಪ ದಿನವೂ ಬರತೊಡಗಿದ. ಒಂದು ಮಧ್ಯಾಹ್ನ ಅವಳು ಉದ್ದದ ದಾರಿ ಟೈಪ್ ಮಾಡುವುದನ್ನು ನೋಡುತ್ತಾ ನಿಂತವನು ಕೇಳಿದ, "ಬೆರಳು ನೋಯೂದಿಲ್ವಾ?"

"ಅಭ್ಯಾಸ ಆಗಿದೆ."

"ಇಲ್ಲಿ ಕೊಡಿ." ಅವನು ಪುಟ್ಟದೊಂದು ಕಮಾಂಡ್ ಬರೆದ. "ಈಗ ನೀವು ಧಾರೇಶ್ವರದ ಫೋಲ್ಡರಿನಲ್ಲಿದ್ದೀರಿ. 'ಗುರುತು ಧಾರೇಶ್ವರ' ಅಂತ ಹೊಡೀರಿ. ಆತಾ? ಇನ್ನು ಎಲ್ಲೇ ಇದ್ರೂ 'ಹೋಗು ಧಾರೇಶ್ವರ' ಅಂದ್ರೆ ಸಾಕು."

ಗುರುತು ಹಾಕಿ, ಬೇರೆ ಫೋಲ್ಡರಿಗೆ ಹೋಗಿ 'ಹೋಗು ಧಾರೇಶ್ವರ' ಹೊಡೆದಳು. ಕಣ್ಣು ಮಿಟುಕಿಸುವುದರೊಳಗೆ ಅಲ್ಲಿದ್ದಳು!

"ಅಯ್ಯೋ... ಇಷ್ಟೇನಾ?" ಅವಳು ಚಿಕ್ಕ ಹುಡುಗಿಯಂತೆ ನಕ್ಕಳು. ಅನೂಪ ಪರದೆ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ.

ಅಂದಿನಿಂದ ಇಬ್ಬರೂ ಕೂತು ಒಂದೊಂದೇ ಊರಿಗೆ ಗುರುತು ಹಾಕಿದರು. ಗೇರುಸೊಪ್ಪ, ಹಿರೇಗುತ್ತಿ... ಸಂಜೆಯ ಚಹಾ ತರಲು ಅವಳೇ ಹೊರಗೆ ಹೋಗತೊಡಗಿದಳು. ಧಾರವಾಡದ ಸೀಟಿನ ವಿಷಯವನ್ನೂ ಒಂದು ದಿನ ಅವನಿಗೆ ಹೇಳಿಕೊಂಡಳು. ಅವನು ಬರದ ದಿನ ಆ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. 'ಇದೆಂತ ಆಗ್ತಿದೆ ನನಗೆ?' ಎಂದು ತನ್ನನ್ನೇ ಕೇಳಿಕೊಂಡಳು.

ಆದರೆ ಒಂದು ಬೆಳಿಗ್ಗೆ ಬಾಗಿಲ ಬಳಿ ಬಂದಾಗ ಒಳಗಿನಿಂದ ಮಾವನ ದನಿ ಕೇಳಿಸಿತು.

"ಅಂದ್ರೆ ಇನ್ನು ವಿನುತಾ ಇಲ್ದಿದ್ರೂ ಆಫೀಸು ನಡೀತದಾ?"

"ನಡೀತದೆ, ನಿತ್ಯಾನಂದಣ್ಣ," ಅಂದ ಅನೂಪ.

ವಿನುತಾ ಬಾಗಿಲ ಮರೆಗೆ ಸರಿದಳು. ಹಾಗಾದರೆ ಅಷ್ಟು ದಿನ ಪಕ್ಕದಲ್ಲಿ ಕೂತಿದ್ದು ಇದಕ್ಕಾ? ತನ್ನ ತಲೆಯಲ್ಲಿದ್ದದ್ದನ್ನೆಲ್ಲ ತೆಗೆದುಕೊಂಡು ತನ್ನನ್ನು ಕಸದ ಹಾಗೆ ಆಚೆ ಇಡೋಕಾ?

ಮಾವ ಹೊರಗೆ ಹೋದದ್ದೇ ಒಳನುಗ್ಗಿದಳು.

"ನನ್ನ ಕುರ್ಚಿ ಬೇಕಿತ್ತು ಅಂತ ಮೊದಲೇ ಹೇಳಿದ್ರೆ ಬಿಟ್ಟು ಕೊಡ್ತಿದ್ದೆ! ನಗಿಸಿ, ಮಾತಾಡಿಸಿ... ಆ ನಾಟಕ ಎಂತಕ್ಕೆ?"

ಅನೂಪನ ಮುಖ ಬಿಳುಚಿತು.

"ಹೋದ ವಾರ ಜ್ವರದಲ್ಲಿ ನಡುಗ್ತಾ ಇದ್ರಿ. ಆದ್ರೂ ಒಂದು ನಕ್ಷೆಗಾಗಿ ನಿಮ್ಮ ಮಾವ ನಿಮ್ಮನ್ನ ಇಲ್ಲಿಗೆ ಕರೆಸಿದ್ರು. ಧಾರವಾಡದ ವಿಷಯ ಹೇಳುವಾಗ ನಿಮ್ಮ ಕಣ್ಣು ತುಂಬಿತ್ತು. ದಾರಿಗಳೆಲ್ಲ ನಿಮ್ಮ ತಲೆಯಲ್ಲೇ ಇರೋ ತನಕ ಈ ಕೋಣೆ ನಿಮ್ಮನ್ನ ಬಿಡೂದಿಲ್ಲ, ವಿನುತಾ. ಅದಕ್ಕೇ..."

ಅವಳ ಸಿಟ್ಟು ಅರ್ಧಕ್ಕೇ ನಿಂತಿತು. ಆದರೂ ಕೇಳಿದಳು, "ನನ್ನ ಪರವಾಗಿ ಮಾವ ನಿರ್ಧಾರ ಮಾಡಿದ್ರು. ಈಗ ನೀವು. ನನ್ನನ್ನ ಯಾರಾದ್ರೂ ಕೇಳಿದ್ರಾ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು."

ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡ ಗಂಡಸನ್ನು ಅವಳು ಅದೇ ಮೊದಲು ನೋಡಿದ್ದು.

ಅವತ್ತೇ ಸಂಜೆ ಮಾವನನ್ನು ಕರೆದು ತನ್ನ ಕುರ್ಚಿಯಲ್ಲಿ ಕೂರಿಸಿದಳು. "ಹಿರೇಗುತ್ತಿ ನಕ್ಷೆ ತೆಗೀರಿ, ಮಾವ. 'ಹೋಗು ಹಿರೇಗುತ್ತಿ' ಅಂತ ಹೊಡೆದ್ರೆ ಸಾಕು."

ನಿತ್ಯಾನಂದ ಒಂದೊಂದೇ ಅಕ್ಷರ ಹುಡುಕಿ ಹೊಡೆದ. ನಕ್ಷೆ ಬಂತು.

"ನೋಡಿದ್ರಾ? ಇನ್ನು ನಾನು ಬೇಕಿಲ್ಲ. ಈ ವರ್ಷವೂ ಸೀಟು ಸಿಕ್ಕಿದೆ. ಧಾರವಾಡಕ್ಕೆ ಹೋಗ್ತೇನೆ."

ಅವನು ಕೀಬೋರ್ಡನ್ನು ಮೆಲ್ಲಗೆ ಆಚೆ ಸರಿಸಿದ.

"ನಕ್ಷೆ ಒಂದು ನೆಪ ಆಗಿತ್ತು ಕಣೇ... ತಂಗಿ ಹೋದ್ಮೇಲೆ ಮನೆಯಲ್ಲಿ ನಂಗೆ ಅಂತ ನೀನೊಬ್ಬಳೇ ಅಲ್ವಾ?"

'ಇರ್ತೇನೆ ಮಾವ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು... ಕಷ್ಟಪಟ್ಟು ನುಂಗಿದಳು.

"ರಜೆಗೆ ಬರ್ತೇನೆ. ಫೋನ್ ಮಾಡ್ತೇನೆ. ಆದ್ರೆ ಹೋಗ್ತೇನೆ, ಮಾವ."

"ಆತು..." ಅವನು ಮೆಲ್ಲಗೆ ಅಂದ. "ಬ್ಯಾಗು ಭಾರ ಇರ್ತದೆ. ಬಸ್‌ಸ್ಟ್ಯಾಂಡಿಗೆ ನಾನೇ ಬಿಡ್ತೆ."

ಹೊರಡುವ ದಿನ ಬೆಳಿಗ್ಗೆ ಮಾವ ಬಸ್ಸು ಹತ್ತಿ ಅವಳ ಬ್ಯಾಗು ಮೇಲಿಟ್ಟು, ಕಣ್ಣೊರೆಸಿಕೊಳ್ಳುತ್ತಾ ಇಳಿದು ಹೋದ. ಅಷ್ಟರಲ್ಲಿ ಏದುಸಿರು ಬಿಡುತ್ತಾ ಅನೂಪ ಹತ್ತಿದ.

"ಹೇಳದೆ ಹೊರಟ್ರಾ?"

"ಇಲ್ಲ... ಹೇಳೂಕೆ ಇದೇ ಹೊತ್ತಿಗೆ ಕಾಯ್ತಿದ್ದೆ." ಅವಳು ನೇರವಾಗಿ ಅವನ ಕಣ್ಣು ನೋಡಿದಳು. "ನಂಗೆ ನೀವು ಇಷ್ಟ, ಅನೂಪ."

ಅವನು ಸೀಟಿನ ಕಂಬಿ ಹಿಡಿದುಕೊಂಡ. "ಬಸ್ಸು ಹೊರಡುವಾಗ ಹೇಳ್ತೀರಲ್ಲ!"

"ಮೊದಲೇ ಹೇಳಿದ್ರೆ, ಆ ಕೋಣೆಯಿಂದ ತಪ್ಪಿಸ್ಕೊಳ್ಳೂಕೆ ನಿಮ್ಮ ಕೈ ಹಿಡಿದ ಹಾಗಾಗ್ತಿತ್ತು. ಈಗ ನಾನು ಯಾರ ಹಂಗಿನಲ್ಲೂ ಇಲ್ಲ. ಇಷ್ಟ ಆಗಿದ್ದಕ್ಕೇ ಹೇಳ್ತಿದ್ದೇನೆ."

ಬಸ್ಸು ಹೊರಟೇಬಿಟ್ಟಿತು. ಅನೂಪ ಇಳಿಯಲಿಲ್ಲ, ಅವಳ ಪಕ್ಕ ಕೂತ.

"ಆ ಮೊದಲ ದಿನ ನೀವು ಬೈದಾಗಲೇ ನಂಗೆ ಇಷ್ಟ ಆಗಿದ್ರಿ," ಎಂದು ಪಿಸುಗುಟ್ಟಿದ.

ಕಂಡಕ್ಟರ್ ಬಂದ. "ಎಲ್ಲಿಗೆ?"

"ಕುಮಟಾಕ್ಕೆ ಒಂದು," ಅಂದ ಅನೂಪ.

ವಿನುತಾ ಅವನ ತೋಳು ಹಿಡಿದಳು. "ಕುಮಟಾ ಬೇಗ ಬಂದ್ಬಿಡ್ತದೆ..."

"ಮತ್ತೆ?"

"ಅಂಕೋಲಾ ತನಕ ಬನ್ನಿ."