ಏಳನೆಯ ಕಾಲಂ

ಗದಗದ ಪದ್ಮಾಬಾಯಿಯ ಕೊರಳು ಬರಿದಾಗಿತ್ತು. ಕಾಶಿಯ ಕೇದಾರ ಘಾಟಿನ ಮೆಟ್ಟಿಲ ಮೇಲೆ ಒಬ್ಬರೇ ಅಳುತ್ತ ಕೂತಿದ್ದ ಅವರನ್ನು ಹೂವಾಡಿಗಿತ್ತಿಯೊಬ್ಬಳು ಬಂಗಾಲಿ ಟೋಲಾದಲ್ಲಿ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಬದರೀನಾರಾಯಣಾಚಾರ್ಯರ ಮನೆಗೆ ಕರೆತಂದಳು.

“ಆಚಾರ್ಯರು ಕಳಿಸ್ಯಾರ ಅಂತ ಒಬ್ಬಾಂವ ಸ್ಟೇಷನ್ನಿಗೆ ಬಂದಿದ್ದ. ಯಾವುದೋ ಮನ್ಯಾಗ ನಮ್ಮವರ ಶ್ರಾದ್ಧ ಮಾಡಿಸಿದ. ಸರಾ ದಾನಕ್ಕಂತ ತಗೊಂಡ. ಹೊಳ್ಳಿ ನೋಡಿದ್ರ ಮನುಷ್ಯಾನ ಇಲ್ಲ!”

ತಿಂಗಳಲ್ಲಿ ಇದು ಮೂರನೆಯ ಮೋಸ. ಮೂವರ ಫಾರಮ್ಮೂ ಆಚಾರ್ಯರ ವೆಬ್‌ಸೈಟಿನಲ್ಲಿ ತುಂಬಿದ್ದು. ಫಾರಂ ಮೇಲ್ ಆಗಿ ಬಂದಾಗ ಅದನ್ನು ತೆಗೆದು ಪ್ರಿಂಟ್ ಕೊಡುವವಳು ಆಚಾರ್ಯರ ಆಫೀಸಿನ ಚಿತ್ರಾ. ಅದನ್ನು ಹಿಡಿದು ಯಾತ್ರಿಕರನ್ನು ಕರೆತರಲು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗುವವನು ಈಶ್ವರ.

“ಈಶ್ವರ ನನ್ನ ತಂಗಿಯ ಮಗ,” ಎಂದರು ಆಚಾರ್ಯರು. ಚಿತ್ರಾಳಿಗೆ ಅರ್ಥವಾಯಿತು. ಹಾಗಾದರೆ ಉಳಿದವಳು ತಾನೇ!

ಆಚಾರ್ಯರು ಕರೆಸಿದ್ದಕ್ಕೆ ಭೇಲೂಪುರದಿಂದ ವಸುಮತಿ ಬಂದರು. ಬ್ಯಾಂಕಿನ ತನಿಖಾ ವಿಭಾಗದವರು. ಕಾಶಿಗೆ ವರ್ಗವಾಗಿ ಬಂದು ವರ್ಷವಾಗಿತ್ತು. ಮೊದಲು ಚಿತ್ರಾಳನ್ನೇ ದಿಟ್ಟಿಸಿದರು.

“ಪ್ರಿಂಟ್ ಬೇರೆ ಯಾರಿಗಾದರೂ ತೋರಿಸಿದ್ದೀಯಾ?”

“ಕಸಮ್, ದೇವರಾಣೆ, ಯಾರಿಗೂ ಇಲ್ಲ ದೀದಿ.”

“ಈಶ್ವರ, ನೀನು?”

“ನಾನು ಹೋಗೋಷ್ಟರಲ್ಲಿ ಅಜ್ಜಿ ಇರಲೇ ಇಲ್ಲ. ಆಟೋ ಜಾಮಲ್ಲಿ ಸಿಕ್ಕಿತ್ತು.”

ಎಷ್ಟು ಸಲೀಸಾದ ನೆಪ! ಚಿತ್ರಾ ಅವನನ್ನು ನೋಡಿದಳು. ಅವನು ಅವಳನ್ನು ನೋಡಿದ.

ವಸುಮತಿ ಪದ್ಮಾಬಾಯಿಯ ಪಕ್ಕ ಕೂತರು. “ಅಷ್ಟು ಜನರಲ್ಲಿ ಅವನು ನಿಮ್ಮನ್ನು ಹೇಗೆ ಗುರುತು ಹಿಡಿದ?”

“ನೆಟ್ಟಗ ನನ್ನ ಬಲಕ್ಕ ಬಂದ. ಕಿವಿಗೆ ಬಾಯಿ ಹಚ್ಚಿ, ಬರ್ರಿ ಅಮ್ಮಾ ಅಂದ. ಎಡಗಿವಿ ನನಗ ಕೇಳಂಗಿಲ್ಲ ನೋಡ್ರಿ.”

ವಸುಮತಿ ಪ್ರಿಂಟ್ ಎತ್ತಿಕೊಂಡರು. ಹೆಸರು, ಗೋತ್ರ, ಫೋನು, ರೈಲು, ಬೋಗಿ, ದಿನ. ಆರೇ ಸಾಲು. ಫಾರಂ ತುಂಬಿದ್ದ ಪದ್ಮಾಬಾಯಿಯ ಮಗನಿಗೆ ಗದಗಕ್ಕೆ ಫೋನು ಮಾಡಿ, ಕೇಳಿಸಿಕೊಂಡು, ಇಟ್ಟರು.

“ವೆಬ್‌ಸೈಟ್ ಮಾಡಿದವರು ಯಾರು?”

“ದರ್ಶನ,” ಎಂದರು ಆಚಾರ್ಯರು. “ನಮ್ಮವನೇ. ಸೇವೆ ಅಂತ ಪುಕ್ಕಟೆ ಮಾಡಿಕೊಟ್ಟ.”

ಸೈಬರ್ ಕೆಫೆಯ ದರ್ಶನ ನಗುತ್ತಲೇ ಬಂದ. “ಫಾರಮ್ಮಲ್ಲಿ ತುಂಬಿದ್ದೆಲ್ಲ ಆಫೀಸಿಗೇ ಬರತ್ತೆ ದೀದಿ.”

“ಎಲ್ಲವೂ?”

“ಎಲ್ಲವೂ.”

ವಸುಮತಿ ಫಾರಮ್ಮಿನ ಪುಟ ತೆರೆದರು. ಆರು ಕಾಲಂಗಳ ಕೆಳಗೆ ಏಳನೆಯದೊಂದಿತ್ತು: ‘ಹಿರಿಯರು ಒಬ್ಬರೇ ಬರುವರೇ? ಆರೋಗ್ಯದ ತೊಂದರೆ?’

ಚಿತ್ರಾ ಬೆಚ್ಚಿದಳು. “ಇದು ಮೊದಲು ಇರಲಿಲ್ಲ! ನನಗೆ ಬರೋ ಮೇಲ್‌ನಲ್ಲೂ ಇರಲ್ಲ!”

“ಬರುವುದಿಲ್ಲ. ಎಡಗಿವಿಯ ವಿಷಯ ಮಗ ಬರೆದದ್ದು ಇಲ್ಲಿ. ಪ್ರಿಂಟ್ ನೋಡಿದ ನಿಮ್ಮಿಬ್ಬರಿಗೂ ಅದು ತಿಳಿಯುವಂತಿರಲಿಲ್ಲ. ಮೋಸಗಾರನಿಗೆ ತಿಳಿದಿತ್ತು. ಅಂದರೆ ಫಾರಂ ಇನ್ನೆಲ್ಲಿಗೋ ಹೋಗುತ್ತಿತ್ತು.” ಅವರು ಪುಟದ ಹಿಂದಿನ ಕೋಡ್ ಬರಹ ತೆಗೆದರು. ತುಂಬುವವರ ಕಣ್ಣಿಗೆ ಬೀಳದಂತೆ ಅಡಗಿಸಿದ್ದ ಇನ್ನೊಂದು ಕಾಲಂ ಅಲ್ಲಿತ್ತು. ಅದರೊಳಗೆ, ಫಾರಮ್ಮಿನ ಪ್ರತಿ ಹೋಗುವ ಇಮೇಲ್ ವಿಳಾಸ. “ಇದು ಯಾರದು ದರ್ಶನ? ನಿನ್ನ ಕೆಫೆಯ ಬೋರ್ಡಿನ ಮೇಲೂ ಇದೇ ಇದೆಯಲ್ಲ?”

ನಗು ಹೋಯಿತು. “ನಾನು ಬರೀ ಹೆಸರು ಕೊಟ್ಟಿದ್ದು... ಸ್ಟೇಷನ್ನಿಗೆ ಹೋಗಿದ್ದು ಬೇರೆಯವರು—”

“ಯಾರು ಒಂಟಿ, ಯಾರಿಗೆ ಕಿವಿ ಕೇಳಿಸದು ಅಂತ ಆರಿಸಿ ಕೊಟ್ಟೆ.”

ಈಶ್ವರ ಬಾಗಿಲಿಗೆ ಅಡ್ಡ ನಿಂತ. ವಸುಮತಿ ಭೇಲೂಪುರ ಠಾಣೆಗೆ ಫೋನು ಹಚ್ಚಿದರು.

“ಚಿತ್ರಾ, ನಾನು ನಿನ್ನ ಮೇಲೆ ಸಂಶಯ...” ಆಚಾರ್ಯರು ಅವಳ ಮೇಜಿನ ಹತ್ತಿರ ಬಂದರು.

“ಅದು ಆಮೇಲೆ, ಆಚಾರ್ಯರೇ.” ಚಿತ್ರಾ ಪ್ರಿಂಟುಗಳನ್ನು ಎಳೆದುಕೊಂಡಳು. “ಫಾರಂ ತುಂಬಿದ ಇನ್ನಿಬ್ಬರು ಈಗ ರೈಲಿನಲ್ಲಿದ್ದಾರೆ.”

ಮೊದಲ ನಂಬರು ಒತ್ತಿದಳು. ಅತ್ತ ಕಡೆ ಫೋನು ರಿಂಗಾಗತೊಡಗಿತು.