ಹೊಟ್ಟೆ ಮೆತ್ತಗಿದೆ ಎಂದವನು

ಹೆಣ್ಣು ನೋಡಲು ಬಂದ ಗಂಡು ಹುಡುಗಿಯ ಮುಖ ನೋಡಬೇಕು, ಅದು ಪದ್ಧತಿ. ಈ ಮಹಾರಾಯ ನೋಡಿದ್ದು ಬೆರಳನ್ನು!

ಗಂಗೋತ್ರಿ ಚಹಾ ತಂದಾಗ ಅವಳ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಯೂನಿಟ್‌ನಲ್ಲಿ ಅವಳು ಸೂಪರ್‌ವೈಸರ್. ಹಿಂದಿನ ದಿನ ಮಷಿನ್ ಸೂಜಿ ಚುಚ್ಚಿತ್ತು. ಸಿರುಗುಪ್ಪದ ಚನ್ನಬಸವ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಕಿರಿಯ ಸರ್ಜನ್. ಹಿರಿಯರೆಲ್ಲ ಕೂತಿರುವಾಗಲೇ ಎದ್ದು ಬಂದು ಅವಳ ಕೈ ಹಿಡಿದ.

"ಒತ್ತಿದ್ರ ನೋವಾಗತೈತೇನು?"

"ಹ್ಞೂಂ..."

"ಟಿಟಿ ಇಂಜೆಕ್ಷನ್ ತಗೊಂಡಿಲ್ಲ, ಅಲ್ಲಾ?"

ಬಾದನಹಟ್ಟಿಯ ಅವಳ ಮನೆಯ ಪಡಸಾಲೆಯಲ್ಲಿ ಹಿರಿಯರು ಮುಖ ಮುಖ ನೋಡಿಕೊಂಡರು. ಬಾಗಿಲ ಹಿಂದೆ ಅವಳ ಅವ್ವ ಕೊಟ್ರಬಸಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಾಚಿ ನಿಂತಿದ್ದಳು. ಗಂಗೋತ್ರಿ ಮಾತ್ರ ತನ್ನ ಬೆರಳು ಹಿಡಿದ ಆ ಕೈಯನ್ನೇ ನೋಡುತ್ತಿದ್ದಳು.

'ನೋವು ಅಂದರೆ ಮುಟ್ಟಿ ನೋಡುವ ಮನುಷ್ಯ... ಇಂಥವನನ್ನು ಕಣ್ಣು ಮುಚ್ಚಿ ನಂಬಬಹುದು.'

ನಂಬಿದಳು. ನಿಶ್ಚಿತಾರ್ಥದ ಉಂಗುರ ಬದಲಾಯಿತು.

ಕೊಟ್ರಬಸಮ್ಮ ಹಳೇ ಕಾಲದ ಹೆಂಗಸು. ಅಳಿಯನಾಗುವವನ ಎದುರು ಕುರ್ಚಿಯ ಮೇಲೆ ಕೂಡಲಾರಳು, ಬಾಯಿ ಬಿಟ್ಟು ಮಾತನಾಡಲಾರಳು. ಅಂಥವಳಿಗೆ ಕರುಳು ತಿರುಚಿಕೊಳ್ಳಬೇಕೆ? ಅದೂ ಅವನು ಕೆಲಸ ಮಾಡುವ ಆಸ್ಪತ್ರೆಗೇ ಒಯ್ಯಬೇಕಾಯಿತು. ದೊಡ್ಡ ಡಾಕ್ಟರು ಕೆಟ್ಟ ಕರುಳನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಸೇರಿಸಿ ಹೊಲಿದರು. ಆಮೇಲೆ ಬೆಳಿಗ್ಗೆ ಸಂಜೆ ಬಂದು ನೋಡುವ ಕೆಲಸ ಚನ್ನಬಸವನದು.

ಮೂರನೆಯ ದಿನ ಅವ್ವನ ಮುಖ ಯಾಕೋ ಬಾಡಿತ್ತು. ಗಂಗೋತ್ರಿ ವಾರ್ಡಿನ ಹೊರಗೆ ಅವನನ್ನು ತಡೆದಳು.

"ನೋವು ಐತೇನಂದ್ರ ಇಲ್ಲ ಅಂತಾಳ. ನನಗ್ಯಾಕೋ ಸರಿ ಅನಸವಲ್ದು. ನೀವು ಹೊಟ್ಟಿ ಮುಟ್ಟಿ ನೋಡಿದ್ರಾ?"

ಅವನು ಅರೆಗಳಿಗೆ ತಡೆದ.

"ನೋಡೀನಿ. ಮೆತ್ತಗ ಐತಿ. ನೀ ಆರಾಮ ಕೆಲಸಕ್ಕ ಹೋಗು."

ಹೋದಳು... ನಂಬಿದವಳು ಹೋಗದೆ ಇನ್ನೇನು ಮಾಡಿಯಾಳು?

ಮರುದಿನ ಬರುವಷ್ಟರಲ್ಲಿ ಅವ್ವನ ಮೈ ಕೆಂಡವಾಗಿತ್ತು, ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಹೊಲಿದ ಜಾಗ ಸೋರಿ, ಹೊಲಸೆಲ್ಲ ಒಳಗೆ ಹರಡಿತ್ತು. ಮತ್ತೆ ಆಪರೇಷನ್. ಅವ್ವ ಬದುಕಿ ಬಂದಳು. ಆದರೆ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸಿದ್ದರು. ಮಲ ಅದರೊಳಗೇ ಬೀಳಬೇಕು.

"ಕೆಲವು ತಿಂಗಳಾದ ಮೇಲೆ ಒಳಗೆ ಸೇರಿಸಿ ಮುಚ್ತೀವಮ್ಮ," ಎಂದರು ದೊಡ್ಡ ಡಾಕ್ಟರು. "ಎಷ್ಟು ಚೆನ್ನಾಗಿ ಹೊಲಿದ್ರೂ ಕೆಲವರಿಗೆ ಹೀಗೆ ಸೋರುತ್ತೆ. ಒಂದು ದಿನ ಮೊದಲೇ ಗೊತ್ತಾಗಿದ್ರೆ ಇಷ್ಟು ಕಷ್ಟ ಆಗ್ತಿರಲಿಲ್ಲ."

ಐಸಿಯು ಬಾಗಿಲಲ್ಲಿ ಚನ್ನಬಸವ ಅನ್ನ ನೀರು ಬಿಟ್ಟು ಕೂತಿದ್ದ. ಅವನ ಕಣ್ಣು ತುಂಬಿದ್ದು ಕಂಡು ಗಂಗೋತ್ರಿಯೇ ತನ್ನ ದುಪಟ್ಟಾದಿಂದ ಒರೆಸಿದ್ದಳು. 'ನನ್ನ ಅವ್ವನಿಗಾಗಿ ಎಷ್ಟು ಒದ್ದಾಡುತ್ತಾನೆ ಪಾಪ...' ಎಂದುಕೊಂಡಿದ್ದಳು. ಎಂಥ ಹುಚ್ಚಿ!

ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ, ಚೀಲ ಬದಲಿಸುವಾಗ ಅವ್ವನೇ ಹೊಗಳಿದಳು.

"ಅಳಿಯಂದ್ರು ಭಾಳ ಮರ್ಯಾದಸ್ಥರವ್ವ. ಅವತ್ತು ಹೊಟ್ಟಿ ನೋಡ್ತೀನಿ ಅಂದ್ರು. ನೋವೇನೋ ಇತ್ತು, ಆದ್ರ ಅವರ ಎದುರಿಗೆ ಹೆಂಗ ತೆರೀಲಿ? ಸೆರಗು ಬಿಗಿ ಹಿಡ್ಕೊಂಡು ಏನಿಲ್ರಿ ಅಂದೆ. ಕೈ ಸೈತ ಹಚ್ಚದ ಹೋದ್ರು."

ಗಂಗೋತ್ರಿಯ ಕೈ ಅಲ್ಲೇ ನಿಂತಿತು.

'ಕೈ ಸಹ ಹಚ್ಚಲಿಲ್ಲವೇ? ಮತ್ತೆ ನನ್ನ ಮುಖ ನೋಡಿ, ನೋಡೀನಿ ಅಂದದ್ದು...?'

ಆ ಭಾನುವಾರವೇ ಕುರುಗೋಡಿಗೆ ಹೋಗಿ ಸಿರುಗುಪ್ಪದ ಬಸ್ ಹತ್ತಿದಳು. ರಜೆಗೆ ಊರಿಗೆ ಬಂದಿದ್ದ ಅವನು ಬಾಗಿಲು ತೆರೆದು ನಗುವಷ್ಟರಲ್ಲಿ ಕೇಳಿಯೇ ಬಿಟ್ಟಳು.

"ಅವ್ವನ ಹೊಟ್ಟಿ ಮುಟ್ಟಿದ್ರಾ?"

ಅವನ ನಗು ಆರಿತು.

"ಇಲ್ಲ... ಅತ್ತಿ ನಾಚಿಕೊಂಡ್ರು. ಒತ್ತಾಯ ಮಾಡಾಕ ನನಗೂ ಮುಜುಗರ ಆತು. ಸಂಜಿಗೆ ಬ್ಯಾರೆಯವರನ್ನ ಕಳಿಸಿದ್ರಾತು ಅಂದ್ಕೊಂಡೆ. ತುರ್ತು ಕೇಸ್ ಬಂತು, ಮರತುಬಿಟ್ಟೆ."

"ಸೋರಿದ್ದಕ್ಕ ನಾ ನಿಮಗ ಏನೂ ಅನ್ನಂಗಿಲ್ಲ. ಅವ್ವ ಮುಚ್ಚಿಟ್ಟಳು, ಅದನ್ನೂ ನುಂಗತೀನಿ. ನನಗ್ಯಾಕ ಸುಳ್ಳು ಹೇಳಿದ್ರಿ? ನಿಜ ಹೇಳಿದ್ರ ನಾನ ಅವ್ವನ ಸೆರಗು ಸರಸತಿದ್ದೆ. ನಮ್ಮ ಯೂನಿಟ್‌ನಾಗ ಒಂದು ಪ್ಯಾಂಟ್ ಸೈತ ತಿರುವಿ ನೋಡದ ಪಾಸ್ ಮಾಡಂಗಿಲ್ರಿ. ನೀವು ನನ್ನ ಅವ್ವನ್ನ ಪಾಸ್ ಮಾಡಿದ್ರಿ."

"ಗಂಗೋತ್ರಿ..."

"ಐಸಿಯು ಬಾಗಲದಾಗ ನಿಮ್ಮ ಕಣ್ಣು ಒರೆಸೀನಿ ನಾನು. ಆವಾಗರ ಹೇಳಬಹುದಿತ್ತು."

"ಹೆದರಿದೆ. ನಿನ್ನ ಕಳ್ಕೋತೀನಿ ಅಂತ."

"ಈಗ ಕಳ್ಕೊಂಡ್ರಿ."

ಉಂಗುರವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದಳು. ಬಸ್ಸಿನಲ್ಲಿ ಪಕ್ಕದವಳು "ಯಾಕವ್ವ?" ಎಂದು ಕೇಳುವವರೆಗೂ ತಾನು ಅಳುತ್ತಿರುವುದು ಅವಳಿಗೇ ತಿಳಿದಿರಲಿಲ್ಲ.

ತಿಂಗಳುಗಳು ಕಳೆದವು. ತಪಾಸಣೆಗೆ ಹೋದಾಗ ದೊಡ್ಡ ಡಾಕ್ಟರೇ ಹೇಳಿದರು, ಚನ್ನಬಸವ ತಾನಾಗಿ ಬಂದು ಎಲ್ಲರೆದುರು ತಪ್ಪು ಒಪ್ಪಿಕೊಂಡನಂತೆ. 'ಒಪ್ಪಿಕೊಂಡರೆ ಆಯಿತೇ?' ಎಂದು ಹಲ್ಲು ಕಚ್ಚಿದಳು. ಆದರೂ ಹಾಳಾದ ಕಣ್ಣು ವಾರ್ಡಿನ ಬಾಗಿಲ ಕಡೆಗೇ ಹೋಗುತ್ತಿತ್ತು. ದ್ವೇಷ ಮಾಡುವುದು ಇಷ್ಟು ಕಷ್ಟವೆಂದು ಯಾರು ಹೇಳಿದ್ದರು ಅವಳಿಗೆ?

ಚೀಲ ತೆಗೆಯುವ ಆಪರೇಷನ್ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವನು ಬಾದನಹಟ್ಟಿಗೆ ಬಂದ. ಗಂಗೋತ್ರಿಯ ಕಡೆ ನೋಡಲಿಲ್ಲ. ನೇರವಾಗಿ ಕೊಟ್ರಬಸಮ್ಮನ ಮಂಚದ ಮುಂದೆ ನಿಂತ.

"ಅತ್ತಿ, ಅವತ್ತು ನಿಮ್ಮ ಹೊಟ್ಟಿ ಮುಟ್ಟದನ, ಮುಟ್ಟೀನಿ ಅಂತ ನಿಮ್ಮ ಮಗಳಿಗೆ ಸುಳ್ಳು ಹೇಳಿದೆ. ನಿಮಗ ಇಷ್ಟು ತ್ರಾಸ ಆಗಾಕ ನಾನೂ ಕಾರಣ."

"ಅಯ್ಯ, ಬ್ಯಾಡ ಅಂದಾಕಿ ನಾನಲ್ಲೇನ್ರಿ?"

"ನೀವು ಅಂದ್ರೂ ನಾ ಬಿಡಬಾರದಿತ್ತು. ಅಳಿಯ ಆಗಿ ನಿಂತೆ, ಡಾಕ್ಟರ್ ಆಗಿ ನಿಲ್ಲಲಿಲ್ಲ."

ಕೊಟ್ರಬಸಮ್ಮ ಅವನನ್ನು ಮಂಚದ ಹತ್ತಿರಕ್ಕೆ ಕರೆದಳು. ಆಮೇಲೆ ಬಿಗಿ ಹಿಡಿದ ಸೆರಗನ್ನು ತಾನಾಗಿಯೇ ಸರಿಸಿದಳು.

"ಚೀಲದ ಸುತ್ತ ಉರಿತೈತಿ. ಈಗೀಗ ಚೀಲ ನಾನ ಬದಲಿಸ್ಕೋತೀನಿ, ಮಗಳಿಗೂ ತೋರಿಸಿಲ್ಲ. ನೋಡಪ್ಪ."

ಅವನು ಕೈ ತೊಳೆದು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ನೆಲದ ಮೇಲೆ ಮಂಡಿಯೂರಿ ಕೂತ. ಒಂದೊಂದೇ ಕಡೆ ಮೆಲ್ಲಗೆ ಒತ್ತಿದ. ಚೀಲ ತೆಗೆದು, ಹುಣ್ಣಾದ ಚರ್ಮವನ್ನು ಒರೆಸಿ, ಹೊಸದು ಅಂಟಿಸಿದ. ಅಂದು ಅವ್ವ ನಿಂತಿದ್ದ ಬಾಗಿಲಲ್ಲಿ ಇಂದು ಗಂಗೋತ್ರಿ ನಿಂತಿದ್ದಳು.

"ಹೆಂಗೈತಿ?" ಎಂದು ಕೇಳಿದಳು.

"ಹೊಟ್ಟಿ ಮೆತ್ತಗ ಐತಿ. ಚರ್ಮ ಹುಣ್ಣಾಗೈತಿ, ಮುಲಾಮಿಗೆ ಮಾಯತೈತಿ. ಎಡಗಡೆ ಒತ್ತಿದ್ರ ಸ್ವಲ್ಪ ನೋವಂತಾರ. ಯಾಕಂತ ನನಗ ಗೊತ್ತಿಲ್ಲ. ನಾಳೆ ಸ್ಕ್ಯಾನ್ ಮಾಡಿಸೋಣು."

ಗೊತ್ತಿಲ್ಲ... ಅಂದು ವಾರ್ಡಿನ ಹೊರಗೆ ಈ ಮಾತೊಂದನ್ನು ಹೇಳಿದ್ದರೆ ಸಾಕಾಗಿತ್ತಲ್ಲ! ಗಂಗೋತ್ರಿ ಬಾಗಿಲು ಬಿಟ್ಟು ಒಳಗೆ ಬಂದಳು.

"ಉಂಗುರ ತಂದೀರೇನು?"

"ದಿನಾ ಕಿಸೇದಾಗ ಇರತೈತಿ."

"ನನ್ನ ಸಿಟ್ಟು ಇನ್ನೂ ಇಳದಿಲ್ಲ."

"ಇರಲಿ. ಇಳಿಯೋ ತನಕ ಬೈಸ್ಕೋತೀನಿ."

ಅವಳು ಕೈ ಚಾಚಿದಳು. ಅವನು ಉಂಗುರ ತೊಡಿಸುವ ಮೊದಲು ತೋರುಬೆರಳಿನ ಹಳೆಯ ಸೂಜಿ ಗಾಯದ ಮೇಲೆ ಮೆಲ್ಲಗೆ ಒತ್ತಿದ.

"ನೋವಾಗತೈತೇನು?"

"ಅಲ್ಲೇನೂ ಇಲ್ರಿ. ನೋವು ಬ್ಯಾರೆ ಕಡೆ ಐತಿ."

"ಎಲ್ಲಿ ಅಂತ ಹೇಳು, ನೋಡತೀನಿ."

"ಮುಟ್ಟಿ ನೋಡಬೇಕು... ಸುಮ್ಮನ ನೋಡೀನಿ ಅಂದ್ರ ನಾ ನಂಬಂಗಿಲ್ಲ."